ಸೌರ ಇನ್ವರ್ಟರ್ ಸುಟ್ಟರೆ ನಷ್ಟ ಯಾರದು? – ವಿದ್ಯುತ್ ದೋಷಗಳಿಂದ ರಕ್ಷಣೆಯ ಕ್ರಮಗಳು

ವಿದ್ಯುತ್ ಸರಬರಾಜು ಕಂಪನಿಯ ಜಾಲಕ್ಕೆ ವಿದ್ಯುತ್ತನ್ನು ಮಾರದೆ, ಸೌರ ಫಲಕ, ಬ್ಯಾಟರಿ ಮತ್ತು ಇನ್ವರ್ಟರುಗಳ ನೆರವಿನಿಂದ ತನ್ನಷ್ಟಕ್ಕೆ ತಾನೇ ನಡೆಯುವ ವ್ಯವಸ್ಥೆಯನ್ನು ವ್ಯಾಪಾರದ ಮಾತಿನಲ್ಲಿ ಆಫ್-ಗ್ರಿಡ್ ಎಂದು ಕರೆಯುತ್ತಾರೆ. ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಹಾಲು ಸಂಗ್ರಹಣ ಕೇಂದ್ರ, ಜೆರಾಕ್ಸ್ ಮತ್ತು ಮುದ್ರಣದ ಅಂಗಡಿ, ಊರ ಹೊರಗಿನ ಗೋದಾಮು ಮೊದಲಾದ ಕಡೆಗಳಲ್ಲಿ ಇಂತಹ ವ್ಯವಸ್ಥೆಗಳು ಈಗ ಸಾಮಾನ್ಯವಾಗಿವೆ. ಖರೀದಿಯ ಸಮಯದಲ್ಲಿ ಚರ್ಚೆಯೆಲ್ಲವೂ ಫಲಕ ಎಷ್ಟು ವ್ಯಾಟಿನದು, ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ ಎಂಬುದರ ಸುತ್ತ ನಡೆಯುತ್ತದೆ. ಫಲಕಗಳು ಇಪ್ಪತ್ತು-ಇಪ್ಪತ್ತೈದು ವರ್ಷ ಬಾಳುತ್ತವೆ. ಬ್ಯಾಟರಿಯು ಸವೆಯುವ ವಸ್ತುವೆಂಬುದು ಎಲ್ಲರಿಗೂ ತಿಳಿದಿದೆ. ಒಂದು ಕ್ಷಣದಲ್ಲಿ, ಮುನ್ಸೂಚನೆಯಿಲ್ಲದೆ ಕೈಕೊಡುವುದು ಇನ್ವರ್ಟರ್. ಅದನ್ನು ಕಾಯಬೇಕಾದ ಫ್ಯೂಸ್, ಸ್ವಿಚ್, ಸರ್ಜ್ ರಕ್ಷಕ ಮತ್ತು ಭೂಸಂಪರ್ಕಗಳು ದರಪಟ್ಟಿಯ ಕೊನೆಯ ಸಾಲುಗಳಲ್ಲಿ ಇರುತ್ತವೆ. ಚೌಕಾಸಿ ಆರಂಭವಾದೊಡನೆ ಮೊದಲು ಕಡಿತವಾಗುವ ಸಾಲುಗಳೂ ಅವೇ.

ಇನ್ವರ್ಟರ್ ಸುಟ್ಟಾಗ ಮಾಲೀಕನು ಮೊದಲು ನೆನೆಯುವುದು ಅಂಗಡಿಯ ಅಗ್ನಿ ವಿಮೆಯನ್ನು. "ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟಿದೆ, ವಿಮೆ ಇದೆಯಲ್ಲ" ಎಂಬ ಧೈರ್ಯ ಅವನದು. ಆದರೆ ಅಗ್ನಿ ವಿಮಾಪತ್ರದ ಹೊರತುಪಡಿಕೆಗಳ ಪಟ್ಟಿಯಲ್ಲಿ ಒಂದು ಷರತ್ತು ಬಹುಕಾಲದಿಂದ ಇದೆ. ವಿದ್ಯುತ್ ಯಂತ್ರ ಅಥವಾ ಉಪಕರಣವು ಮಿತಿಮೀರಿದ ಓಟ, ಹೆಚ್ಚಿದ ಒತ್ತಡ, ಶಾರ್ಟ್ ಸರ್ಕ್ಯೂಟ್, ಕಿಡಿ ಹಾರುವಿಕೆ, ತಾನಾಗಿ ಕಾಯುವಿಕೆ ಅಥವಾ ವಿದ್ಯುತ್ ಸೋರಿಕೆಗಳಿಂದ ಹಾಳಾದರೆ, ಆ ಉಪಕರಣದ ನಷ್ಟಕ್ಕೆ ಪರಿಹಾರವಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿಂದ ಹೊತ್ತಿದ ಬೆಂಕಿ ಪಕ್ಕದ ಮೂಟೆಗಳಿಗೆ ಹಬ್ಬಿದರೆ ಮೂಟೆಗಳ ನಷ್ಟ ವಿಮೆಗೆ ಒಳಪಡುತ್ತದೆ. ಬೆಂಕಿಯ ಮೂಲವಾದ ಇನ್ವರ್ಟರ್ ಒಳಪಡುವುದಿಲ್ಲ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಗಳಿಗಾಗಿ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ್ ಸುರಕ್ಷಾ ವಿಮಾಪತ್ರಗಳಲ್ಲಿಯೂ ಇದೇ ಅರ್ಥದ ಹೊರತುಪಡಿಕೆ ಮುಂದುವರಿದಿದೆ. ತಯಾರಕರ ವಾರಂಟಿ ಪತ್ರದಲ್ಲಿ ಸಿಡಿಲು, ವೋಲ್ಟೇಜ್ ಏರಿಕೆ, ತಪ್ಪು ಜೋಡಣೆಗಳಿಂದಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಹೀಗೆ ಎರಡು ಬಾಗಿಲುಗಳೂ ಮುಚ್ಚಿದ ಮೇಲೆ ಉಳಿಯುವುದು ಮಾಲೀಕನ ಜೇಬು ಮಾತ್ರ. ಆದುದರಿಂದ ಇನ್ವರ್ಟರಿಗೆ ಯಾವ ಯಾವ ದಾರಿಯಿಂದ ಅಪಾಯ ಬರುತ್ತದೆ ಎಂಬುದನ್ನು, ವೈರ್‌ಮನ್ನನಿಗೆ ಒಪ್ಪಿಸಿ ಸುಮ್ಮನಾಗದೆ, ಹಣ ಹಾಕುವವನೂ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು.

ಇನ್ವರ್ಟರ್ ಪೆಟ್ಟಿಗೆಗೆ ಹೊರಗಿನಿಂದ ತಂತಿಗಳು ಬಂದು ಸೇರುವ ಕಡೆಗಳು ನಾಲ್ಕು: ಫಲಕಗಳಿಂದ ಬರುವ ಡಿ.ಸಿ., ಬ್ಯಾಟರಿಯ ಡಿ.ಸಿ., ಅಂಗಡಿಗೆ ಹೋಗುವ ಎ.ಸಿ. ಮತ್ತು, ಹೆಚ್ಚಿನ ಮಾದರಿಗಳಲ್ಲಿ, ಮೋಡದ ದಿನಗಳಂದು ಬ್ಯಾಟರಿ ತುಂಬಲು ಕಂಪನಿಯ ಲೈನ್ ಅಥವಾ ಜನರೇಟರಿನಿಂದ ಬರುವ ಎ.ಸಿ. ಅಪಾಯ ಬರುವುದೂ ಈ ದಾರಿಗಳಿಂದಲೇ.

ಫಲಕಗಳ ಕಡೆಯಿಂದ

ಇಲ್ಲಿ ಮೊದಲ ತಪ್ಪು ಲೆಕ್ಕದಲ್ಲಿಯೇ ಆಗುತ್ತದೆ. ಪ್ರತಿ ಇನ್ವರ್ಟರಿನ ಹಿಂಬದಿಯ ಪಟ್ಟಿಯಲ್ಲಿ ಫಲಕಗಳಿಂದ ಸ್ವೀಕರಿಸಬಲ್ಲ ಗರಿಷ್ಠ ವೋಲ್ಟೇಜನ್ನು ಬರೆದಿರುತ್ತಾರೆ. ಅದು 150 ವೋಲ್ಟ್ ಎಂದಿಟ್ಟುಕೊಳ್ಳೋಣ. 540 ವ್ಯಾಟಿನ ಒಂದು ಫಲಕದ ತೆರೆದ ಮಂಡಲ ವೋಲ್ಟೇಜ್, ಅಂದರೆ ಲೋಡ್ ಇಲ್ಲದಾಗಿನ ವೋಲ್ಟೇಜ್, ಸುಮಾರು 49.5 ಇರುತ್ತದೆ. ಮೂರು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 148.5 ವೋಲ್ಟ್. ಮಿತಿಯೊಳಗೇ ಇದೆಯಲ್ಲ ಎಂದು ತೋರುತ್ತದೆ. ಆದರೆ ಫಲಕದ ಪಟ್ಟಿಯಲ್ಲಿರುವ ಅಂಕಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯದು. ಫಲಕವು ತಣ್ಣಗಾದಷ್ಟೂ ಅದರ ವೋಲ್ಟೇಜ್ ಏರುತ್ತದೆ. ಈಗಿನ ಫಲಕಗಳಲ್ಲಿ ಈ ಏರಿಕೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.28ರ ಆಸುಪಾಸಿನಲ್ಲಿರುತ್ತದೆ. ಬೀದರ, ವಿಜಯಪುರ, ಬೆಳಗಾವಿಯ ಕಡೆ ಡಿಸೆಂಬರಿನ ಬೆಳಗಿನಲ್ಲಿ ಉಷ್ಣತೆ 12 ಡಿಗ್ರಿಗೆ ಇಳಿಯುವುದು ಹೊಸದಲ್ಲ. 13 ಡಿಗ್ರಿಯ ವ್ಯತ್ಯಾಸಕ್ಕೆ ಶೇ. 3.64ರಷ್ಟು ಏರಿದರೆ 148.5 ವೋಲ್ಟ್ ಹೋಗಿ 154 ವೋಲ್ಟ್ ಸಮೀಪಿಸುತ್ತದೆ. ತಣ್ಣನೆಯ ಫಲಕದ ಮೇಲೆ ಎಳೆಬಿಸಿಲು ಬಿದ್ದು, ಇನ್ವರ್ಟರ್ ಇನ್ನೂ ಲೋಡ್ ತೆಗೆದುಕೊಳ್ಳದ ಆ ಕೆಲವು ನಿಮಿಷಗಳಲ್ಲಿ ಒಳಗಿನ ಕೆಪಾಸಿಟರ್ ಮತ್ತು ಟ್ರಾನ್ಸಿಸ್ಟರುಗಳು ತಾಳಿಕೆಯ ಮಿತಿಯನ್ನು ದಾಟುತ್ತವೆ. ಬೇಸಿಗೆಯಲ್ಲಿ ಅಳವಡಿಸಿ ಆರು ತಿಂಗಳು ಚೆನ್ನಾಗಿ ನಡೆದ ಇನ್ವರ್ಟರ್ ಚಳಿಗಾಲದ ಒಂದು ಮುಂಜಾವಿನಲ್ಲಿ ಸತ್ತುಹೋದರೆ ಅದರ ಕಾರಣ ಹಲವು ವೇಳೆ ಇದೇ ಆಗಿರುತ್ತದೆ. ಯಾವ ಫ್ಯೂಸೂ ಇದನ್ನು ತಡೆಯಲಾರದು, ಏಕೆಂದರೆ ಫ್ಯೂಸ್ ಕಾಯುವುದು ಆಂಪಿಯರನ್ನು, ವೋಲ್ಟನ್ನಲ್ಲ. ಈ ಉದಾಹರಣೆಯಲ್ಲಿ ಪರಿಹಾರವೆಂದರೆ ಎರಡೆರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿ, ಅಂತಹ ಸಾಲುಗಳನ್ನು ಸಮಾಂತರವಾಗಿ ಸೇರಿಸುವುದು. ಆಗ ಚಳಿಯಲ್ಲಿಯೂ 103 ವೋಲ್ಟ್ ಮೀರುವುದಿಲ್ಲ.

ಸಮಾಂತರ ಜೋಡಣೆಗೆ ಅದರದೇ ಆದ ಒಂದು ಎಚ್ಚರಿಕೆ ಬೇಕು. ಆರು ಫಲಕಗಳು, ಎರಡೆರಡರಂತೆ ಮೂರು ಸಾಲು ಎಂದುಕೊಂಡರೆ, ಪ್ರತಿ ಸಾಲಿನ ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 13.8 ಆಂಪಿಯರ್. ಒಂದು ಸಾಲಿನಲ್ಲಿ ದೋಷ ಉಂಟಾದರೆ ಉಳಿದ ಎರಡು ಸಾಲುಗಳು ಸೇರಿ 27.6 ಆಂಪಿಯರನ್ನು ಅದರೊಳಗೆ ಹಿಮ್ಮುಖವಾಗಿ ನೂಕುತ್ತವೆ. ಆ ಫಲಕದ ಹಿಂಬದಿಯಲ್ಲಿ ಗರಿಷ್ಠ ಫ್ಯೂಸ್ 25 ಆಂಪಿಯರ್ ಎಂದು ಬರೆದಿರುತ್ತದೆ. ಎರಡೇ ಸಾಲುಗಳಿದ್ದರೆ ಈ ತೊಂದರೆಯಿಲ್ಲ. ಮೂರನೆಯ ಸಾಲು ಸೇರಿದೊಡನೆ ಪ್ರತಿ ಸಾಲಿಗೂ ಜಿ.ಪಿ.ವಿ. ವರ್ಗದ ಫ್ಯೂಸ್ ಅನಿವಾರ್ಯವಾಗುತ್ತದೆ. ವ್ಯಾಪಾರ ಬೆಳೆದು "ಇನ್ನೆರಡು ಪ್ಯಾನಲ್ ಹಾಕಿಬಿಡಿ" ಎನ್ನುವ ಮಾಲೀಕರು ಈ ಅಂಶವನ್ನು ಗಮನದಲ್ಲಿಡಬೇಕು.

ಎ.ಸಿ. ಎಂ.ಸಿ.ಬಿ.ಯನ್ನು ಡಿ.ಸಿ. ಕಡೆಗೆ ಬಳಸುವ ಪದ್ಧತಿ ಇನ್ನೂ ನಿಂತಿಲ್ಲ. ನೋಡಲು ಎರಡೂ ಒಂದೇ ತೆರನಾಗಿದ್ದು, ಎ.ಸಿ.ಯದು ಅಗ್ಗ. ಆದರೆ ಎ.ಸಿ. ವಿದ್ಯುತ್ತು ಸೆಕೆಂಡಿಗೆ 100 ಸಲ ಶೂನ್ಯಕ್ಕೆ ಬಂದು ಹೋಗುತ್ತದೆ. ಸ್ವಿಚ್ ತೆರೆದಾಗ ಏಳುವ ಕಿಡಿ ಆ ಶೂನ್ಯದಲ್ಲಿ ತಾನಾಗಿ ಆರುತ್ತದೆ. ಡಿ.ಸಿ.ಯಲ್ಲಿ ಅಂತಹ ಬಿಡುವಿಲ್ಲ. ಕಿಡಿಯು ಎರಡು ತುದಿಗಳ ನಡುವೆ ಉರಿಯುತ್ತಲೇ ಇದ್ದು ಬ್ರೇಕರನ್ನೂ ಅದರ ಪೆಟ್ಟಿಗೆಯನ್ನೂ ಸುಡುತ್ತದೆ. ಡಿ.ಸಿ. ಎಂ.ಸಿ.ಬಿ.ಗಳಲ್ಲಿಯೂ ಕೆಲವಕ್ಕೆ ಧನ-ಋಣ ಗುರುತು ಇರುತ್ತದೆ. ತಿರುಗುಮುರುಗಾಗಿ ಜೋಡಿಸಿದರೆ ಅವು ಕಿಡಿಯನ್ನು ಆರಿಸುವ ಬದಲು ಹೊತ್ತಿಸುತ್ತವೆ. ಹಾಗೆಯೇ ಫ್ಯೂಸ್ ಹಿಡಿಕೆಯನ್ನು ಬಿಸಿಲಿರುವಾಗ, ಲೋಡ್ ಹರಿಯುತ್ತಿರುವಾಗ ಎಳೆಯತಕ್ಕದ್ದಲ್ಲ. ಮೊದಲು ಡಿ.ಸಿ. ಐಸೊಲೇಟರನ್ನು ಬಂದ್ ಮಾಡಿ, ಅನಂತರ ಫ್ಯೂಸ್ ತೆಗೆಯಬೇಕು. ಫಲಕದ ಎಂ.ಸಿ.-4 ಕನೆಕ್ಟರುಗಳಲ್ಲಿ ಒಂದು ಬದಿ ಒಂದು ಕಂಪನಿಯದು, ಇನ್ನೊಂದು ಬದಿ ಮತ್ತೊಂದರದು ಆಗಿದ್ದರೆ ಒಳಗಿನ ಲೋಹ ಸರಿಯಾಗಿ ಕೂಡದೆ ಕಾಯುತ್ತದೆ; ಛಾವಣಿಯ ಮೇಲಿನ ಬೆಂಕಿಗೆ ಇದೊಂದು ತಿಳಿದ ಕಾರಣ. ಫಲಕದಿಂದ ಇಳಿಯುವ ತಂತಿ ಮನೆ ವೈರಿಂಗಿನ ಸಾಮಾನ್ಯ ತಂತಿಯಾಗಿರದೆ, ಐ.ಎಸ್. 17293 ಮಾನಕದ ಸೌರ ಕೇಬಲ್ ಆಗಿರಲಿ. ಸಾಮಾನ್ಯ ಪಿ.ವಿ.ಸಿ. ಹೊದಿಕೆಯು ವರ್ಷಾನುಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡರೆ ಬಿರಿಯುತ್ತದೆ.

ಬ್ಯಾಟರಿ: ಕಾಣದ ಅಪಾಯ

ಬ್ಯಾಟರಿಯ ವೋಲ್ಟೇಜ್ 48 ಮಾತ್ರ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ ಎಂಬ ಕಾರಣದಿಂದ ಅದನ್ನು ಹಗುರವಾಗಿ ಕಾಣುವುದುಂಟು. ವಾಸ್ತವದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕರೆಂಟ್ ಕೊಡಬಲ್ಲ ಭಾಗ ಇದೇ. 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಸಾವಿರ ಆಂಪಿಯರಿಗೂ ಮೀರಿದ ಕರೆಂಟ್ ಹರಿದು ಸ್ಪ್ಯಾನರ್ ಕೆಂಪಗಾಗುತ್ತದೆ. 4 ಕಿಲೋವ್ಯಾಟ್ ಲೋಡನ್ನು ಹೊರುವ ಇನ್ವರ್ಟರ್, ಬ್ಯಾಟರಿ 44 ವೋಲ್ಟಿಗೆ ಇಳಿದಾಗ, ಶೇ. 90ರ ದಕ್ಷತೆಯಲ್ಲಿ ಸುಮಾರು 101 ಆಂಪಿಯರ್ ಎಳೆಯುತ್ತದೆ. ಇದಕ್ಕೆ ಡಿ.ಸಿ. ವೋಲ್ಟೇಜಿಗೆ ಯೋಗ್ಯವಾದ 125 ಆಂಪಿಯರಿನ ಫ್ಯೂಸ್ ಹೊಂದುತ್ತದೆ. ಅದನ್ನು ಇನ್ವರ್ಟರ್ ಬಳಿಯಲ್ಲಿ ಹಾಕದೆ ಬ್ಯಾಟರಿಯ ಧನ ತುದಿಯ ಪಕ್ಕದಲ್ಲಿಯೇ ಹಾಕಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಆ ತುಂಡು ಗೇಣುದ್ದ ಮೀರದಿದ್ದರೆ ಒಳ್ಳೆಯದು. ತಂತಿಯ ತಾಳಿಕೆಯು ಫ್ಯೂಸಿಗಿಂತ ಹೆಚ್ಚಿರಬೇಕು ಎಂಬ ಸೂತ್ರವನ್ನು ಮರೆತು, ತೆಳು ತಂತಿಗೆ ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ತಂತಿಯೇ ಕರಗುತ್ತದೆ.

ಬ್ಯಾಟರಿ ಬದಲಾಯಿಸುವ ದಿನವೇ ಇನ್ವರ್ಟರ್ ಸುಡುವ ಪ್ರಸಂಗಗಳು ಹೆಚ್ಚು. ಧನ-ಋಣ ಅದಲುಬದಲಾಗುವುದು ಒಂದು ಕಾರಣ. ಇನ್ನೊಂದು, ಬಿಸಿಲಿನಲ್ಲಿ ಫಲಕಗಳು ಚಾಲ್ತಿಯಲ್ಲಿರುವಾಗಲೇ ಬ್ಯಾಟರಿಯ ತಂತಿ ಬಿಚ್ಚುವುದು. ಚಾರ್ಜ್ ಆಗುತ್ತಿರುವ ಬ್ಯಾಟರಿ ಥಟ್ಟನೆ ಮಾಯವಾದರೆ ಅಲ್ಲಿ ಹರಿಯುತ್ತಿದ್ದ ಶಕ್ತಿಗೆ ಹೋಗಲು ಎಡೆಯಿಲ್ಲದೆ ಒಳಗಿನ ವೋಲ್ಟೇಜ್ ಜಿಗಿಯುತ್ತದೆ. ಬಿಚ್ಚುವಾಗ ಮೊದಲು ಫಲಕ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಹುಪಾಲು ಕೈಪಿಡಿಗಳು ಹೇಳುವ ಈ ಕ್ರಮವನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಇನ್ವರ್ಟರಿನ ಪಕ್ಕದ ಗೋಡೆಗೆ ಅಂಟಿಸಲು ಐದು ರೂಪಾಯಿಯೂ ಬೇಡ. ಲಿಥಿಯಂ ಬ್ಯಾಟರಿಗಳಲ್ಲಿ ಒಳಗೇ ಒಂದು ರಕ್ಷಣಾ ಮಂಡಲ ಇರುತ್ತದೆಂದು ಹೊರಗಿನ ಫ್ಯೂಸನ್ನು ಬಿಡುವುದು ಸಲ್ಲದು. ಆ ಮಂಡಲವು ಕಾಯುವುದು ಬ್ಯಾಟರಿಯ ಕೋಶಗಳನ್ನು. ಅದು ಹಠಾತ್ತನೆ ಸಂಪರ್ಕ ಕಡಿದಾಗ ಮೇಲೆ ಹೇಳಿದ ವೋಲ್ಟೇಜ್ ಜಿಗಿತ ಇನ್ವರ್ಟರಿಗೆ ತಟ್ಟಬಹುದು. ಆದ್ದರಿಂದ ಇನ್ವರ್ಟರ್ ಮತ್ತು ಬ್ಯಾಟರಿ ಪರಸ್ಪರ ಹೊಂದುತ್ತವೆಂದು ಇಬ್ಬರು ತಯಾರಕರಿಂದಲೂ ಲಿಖಿತವಾಗಿ ಪಡೆಯುವುದು ಲೇಸು.

ಕಂಪನಿಯ ಲೈನ್ ಮತ್ತು ಜನರೇಟರ್

ಕಂಬದಲ್ಲಿ ಅಥವಾ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿ ಕಡಿದರೆ ಏನಾಗುತ್ತದೆಂದು ಸಣ್ಣ ಊರುಗಳ ವರ್ತಕರಿಗೆ ವಿವರಿಸಬೇಕಾಗಿಲ್ಲ, ಬೀದಿಯ ಟಿ.ವಿ., ಫ್ರಿಜ್ಜುಗಳು ಒಂದೇ ಸಂಜೆ ಹಾಳಾದುದನ್ನು ಅವರು ಕಂಡಿರುತ್ತಾರೆ. ಮೂರು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ. ನ್ಯೂಟ್ರಲ್ ತಪ್ಪಿದಾಗ, ಲೋಡ್ ಕಡಿಮೆ ಇರುವ ಫೇಸಿನ ಗ್ರಾಹಕನಿಗೆ 230ರ ಬದಲು ಅದರ ಸಮೀಪದವರೆಗೂ ವೋಲ್ಟೇಜ್ ಏರಬಹುದು. ಆಫ್-ಗ್ರಿಡ್ ಎಂಬ ಹೆಸರಿದ್ದರೂ ಬ್ಯಾಟರಿ ತುಂಬಲು ಕಂಪನಿಯ ಲೈನಿಗೆ ತಗುಲಿಸಿದ ಇನ್ವರ್ಟರ್ ಈ ಏಟಿನಿಂದ ಹೊರತಲ್ಲ. ಆ ಲೈನಿನ ಮೇಲೆ ವೋಲ್ಟೇಜ್ ಕಾವಲು ರಿಲೇ ಒಂದನ್ನು ಹಾಕಿಸಿ, ಸುಮಾರು 170 ವೋಲ್ಟಿಗಿಂತ ಕೆಳಗೆ ಮತ್ತು 270ಕ್ಕಿಂತ ಮೇಲೆ ಸಂಪರ್ಕ ಕಡಿಯುವಂತೆಯೂ, ವಿದ್ಯುತ್ ಮರಳಿದ ಎರಡು-ಮೂರು ನಿಮಿಷಗಳ ನಂತರ ಮಾತ್ರ ಕೂಡುವಂತೆಯೂ ಹೊಂದಿಸಬೇಕು. ನಿಖರ ಅಂಕಿಗಳು ಇನ್ವರ್ಟರಿನ ಕೈಪಿಡಿಯಂತಿರಲಿ.

ಇದಕ್ಕಿಂತಲೂ ಖಚಿತವಾಗಿ ಇನ್ವರ್ಟರನ್ನು ಕೊಲ್ಲುವುದೆಂದರೆ ಅದರ ಹೊರಹರಿವಿನ ತುದಿಗೆ ಕಂಪನಿಯ ಅಥವಾ ಜನರೇಟರಿನ ವಿದ್ಯುತ್ತು ಬಂದು ತಾಗುವುದು. ಎರಡು ಮೂಲಗಳ ಅಲೆಗಳು ಹೊಂದದೆ ಕೂಡಿದ ಕ್ಷಣದಲ್ಲಿಯೇ ಪವರ್ ಟ್ರಾನ್ಸಿಸ್ಟರುಗಳು ಸಿಡಿಯುತ್ತವೆ. ಎರಡು ಪ್ರತ್ಯೇಕ ಎಂ.ಸಿ.ಬಿ.ಗಳನ್ನು ಹಾಕಿ "ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿ" ಎಂದು ಹುಡುಗನಿಗೆ ಹೇಳಿಹೋಗುವುದು ವ್ಯವಸ್ಥೆಯೇ ಅಲ್ಲ. ಒಂದು ಮೂಲ ಪೂರ್ತಿ ಬಿಟ್ಟ ಮೇಲಷ್ಟೇ ಇನ್ನೊಂದನ್ನು ಹಿಡಿಯುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಹಳೆಯ ಕಟ್ಟಡಗಳಲ್ಲಿ ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಕಂಪನಿಯ ನ್ಯೂಟ್ರಲ್ಲಿನೊಡನೆ ಒಂದೇ ಪಟ್ಟಿಗೆ ಸೇರಿಸಿರುವುದು ಸಾಮಾನ್ಯ. ಇದನ್ನು ಬೇರ್ಪಡಿಸದೆ ಹೊಸ ಇನ್ವರ್ಟರ್ ಕೂರಿಸಬಾರದು.

ಅಂಗಡಿಯ ಕಡೆಯ ದೋಷಗಳು

ವಿದ್ಯುತ್ ಕಂಪನಿಯ ಲೈನಿನಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಿ ಎಂ.ಸಿ.ಬಿ. ಕೂಡಲೇ ಬೀಳುತ್ತದೆ. ಇನ್ವರ್ಟರಿನ ಹಿಂದೆ ಅಷ್ಟು ಬಲವಿಲ್ಲ. 5 ಕೆ.ವಿ.ಎ. ಇನ್ವರ್ಟರಿನ ಪೂರ್ಣ ಕರೆಂಟ್ 21.7 ಆಂಪಿಯರ್, ಕೆಲವು ಕ್ಷಣ ಅದರ ಇಮ್ಮಡಿಯಷ್ಟನ್ನು ಕೊಡಬಲ್ಲದು. ಆದರೆ ಸಿ ವರ್ಗದ 32 ಆಂಪಿಯರ್ ಎಂ.ಸಿ.ಬಿ. ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ ಕನಿಷ್ಠ 160 ಆಂಪಿಯರ್ ಬೇಕು. ಅಷ್ಟು ಎಂದೂ ಬಾರದ ಕಾರಣ ಆ ಎಂ.ಸಿ.ಬಿ. ಗೋಡೆಯ ಅಲಂಕಾರವಷ್ಟೇ, ದೋಷದ ಹೊರೆಯೆಲ್ಲ ಇನ್ವರ್ಟರಿನ ಒಳರಕ್ಷಣೆಯ ಮೇಲೆ ಬೀಳುತ್ತದೆ. ಲೋಡುಗಳನ್ನು ಸಣ್ಣ ಸಣ್ಣ ಸರ್ಕ್ಯೂಟುಗಳಾಗಿ ಹಂಚಿ, ದೀಪ, ಬಿಲ್ಲಿಂಗ್ ಯಂತ್ರ, ಫ್ರಿಜ್ಜುಗಳಿಗೆ ಮೂರರಿಂದ ಐದು ಪಟ್ಟಿನಲ್ಲಿಯೇ ಬೀಳುವ ಬಿ ವರ್ಗದ 6 ಅಥವಾ 10 ಆಂಪಿಯರ್ ಎಂ.ಸಿ.ಬಿ.ಗಳನ್ನು ಹಾಕಿದರೆ ದೋಷವಿರುವ ಒಂದು ಸರ್ಕ್ಯೂಟ್ ಮಾತ್ರ ಕಳಚಿಕೊಳ್ಳುವ ಸಂಭವ ಹೆಚ್ಚುತ್ತದೆ.

ಮೋಟಾರು ಇರುವ ಘಟಕಗಳಲ್ಲಿ ಇನ್ನೊಂದು ಲೆಕ್ಕವಿದೆ. 2 ಅಶ್ವಶಕ್ತಿಯ ಒಂದು ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ತೆಗೆದುಕೊಂಡರೂ ಹೊರಡುವಾಗ ಅದರ ಐದಾರು ಪಟ್ಟು ಕೇಳುತ್ತದೆ. 5 ಕೆ.ವಿ.ಎ. ಇನ್ವರ್ಟರ್ ಕ್ಷಣಕಾಲ ಕೊಡಬಲ್ಲ 43 ಆಂಪಿಯರಿಗೆ ಇದು ಮೀರಿದ ಮಾತು. ದಿನಕ್ಕೆ ಹತ್ತು ಸಲ ಓವರ್‌ಲೋಡ್ ಎಂದು ನಿಂತು, ಮತ್ತೆ ಮತ್ತೆ ಒತ್ತಿ ಎಬ್ಬಿಸಿದ ಇನ್ವರ್ಟರಿನ ಆಯುಷ್ಯ ಸಹಜವಾಗಿಯೇ ಕುಗ್ಗುತ್ತದೆ. ಸಾಫ್ಟ್ ಸ್ಟಾರ್ಟರ್ ಅಥವಾ ವಿ.ಎಫ್.ಡಿ. ಅಳವಡಿಸಬೇಕು, ಇಲ್ಲವೇ ಗಿರಣಿಯನ್ನು ಸೌರ ಲೈನಿನಿಂದ ಹೊರಗಿಡಬೇಕು. ವಿದ್ಯುತ್ ಬಿಲ್ಲಿನ ಪವರ್ ಫ್ಯಾಕ್ಟರ್ ದಂಡ ತಪ್ಪಿಸಲು ಹಾಕಿದ ಕೆಪಾಸಿಟರನ್ನು ಇನ್ವರ್ಟರ್ ಲೈನಿನಲ್ಲಿ ಉಳಿಸುವುದೂ ತಪ್ಪು.

ಆರ್.ಸಿ.ಸಿ.ಬಿ. ಹಾಕಿಸಿದ್ದೇವೆ, ಇನ್ನು ಶಾಕಿನ ಭಯವಿಲ್ಲ ಎಂದುಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಇನ್ವರ್ಟರಿನ ಹೊರಹರಿವಿನ ನ್ಯೂಟ್ರಲ್ ಭೂಮಿಗೆ ಸೇರಿದೆಯೇ? ಸೇರಿರದಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿ ಇಲ್ಲದೆ ಆರ್.ಸಿ.ಸಿ.ಬಿ. ಬೀಳುವುದೇ ಇಲ್ಲ. ಕೆಲವು ಇನ್ವರ್ಟರುಗಳು ಈ ಜೋಡಣೆಯನ್ನು ಒಳಗಿನ ರಿಲೇಯಿಂದ ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ, ಮತ್ತೆ ಕೆಲವು ಮಾದರಿಗಳಲ್ಲಿ ಹೊರಗಿನಿಂದ ಮಾಡಿದರೆ ಯಂತ್ರಕ್ಕೇ ಹಾನಿ. ಇದನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರನು ಕೈಪಿಡಿ ನೋಡಿ, ಒಂದೇ ಸ್ಥಳದಲ್ಲಿ ಮಾತ್ರ ಮಾಡತಕ್ಕದ್ದು. ಯಂತ್ರಕ್ಕಿಂತ ಆಳಿನ ಪ್ರಾಣ ದೊಡ್ಡದಾದ್ದರಿಂದ ಇಲ್ಲಿ ಅಂದಾಜು ನಡೆಯದು.

ಸಿಡಿಲು ಮತ್ತು ಭೂಸಂಪರ್ಕ

ಏಪ್ರಿಲ್-ಮೇ ತಿಂಗಳುಗಳ ಮುಂಗಾರುಪೂರ್ವ ಗುಡುಗು-ಸಿಡಿಲು ರಾಜ್ಯದ ಒಳನಾಡಿಗೆ ಹೊಸದಲ್ಲ. ಛಾವಣಿಯ ಮೇಲೆ ಸಿಡಿಲುಗಂಬ ನೆಟ್ಟರೆ ಇನ್ವರ್ಟರಿಗೂ ರಕ್ಷಣೆ ಸಿಕ್ಕಿತೆಂಬುದು ತಪ್ಪು ತಿಳಿವಳಿಕೆ. ಆ ಕಂಬ ಕಟ್ಟಡವನ್ನು ಕಾಯುತ್ತದೆ. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನಿಂದ ಫಲಕದ ಉದ್ದನೆಯ ತಂತಿಗಳಲ್ಲಿ ಹುಟ್ಟುವ ಕ್ಷಣಿಕ ವೋಲ್ಟೇಜನ್ನು ಭೂಮಿಗೆ ಇಳಿಸುವುದು ಸರ್ಜ್ ರಕ್ಷಕ, ಅಂದರೆ ಎಸ್.ಪಿ.ಡಿ. ಫಲಕದ ಕಡೆಗೊಂದು, ಎ.ಸಿ. ಲೈನ್ ಬರುವ ಕಡೆಗೊಂದು ಬೇಕು. ಫಲಕದ ಕಡೆಯದು ಡಿ.ಸಿ.ಗೆ ತಯಾರಾದುದೇ ಆಗಿದ್ದು, ಅದರ ವೋಲ್ಟೇಜ್ ಮಟ್ಟ ಚಳಿಗಾಲದ ಗರಿಷ್ಠಕ್ಕಿಂತ ಮೇಲಿರಬೇಕು. ಅದಕ್ಕೆ ಹೋಗಿಬರುವ ತಂತಿಗಳು ಒಟ್ಟಿನಲ್ಲಿ ಅರ್ಧ ಮೀಟರ್ ಮೀರಬಾರದು. ಅಂದವಾಗಿ ಕಾಣಲೆಂದು ತಂತಿಯನ್ನು ಸುರುಳಿ ಸುತ್ತಿದರೆ ಸರ್ಜ್ ರಕ್ಷಕದ ಪ್ರಯೋಜನ ಬಹುಪಾಲು ನಷ್ಟವಾಗುತ್ತದೆ. ಬಹುತೇಕ ಸರ್ಜ್ ರಕ್ಷಕಗಳ ಮುಖದಲ್ಲಿ ಪುಟ್ಟ ಕಿಟಕಿಯೊಂದಿರುತ್ತದೆ. ಹಸಿರಿದ್ದರೆ ಸರಿ, ಕೆಂಪಾದರೆ ತನ್ನ ಕೆಲಸ ಮಾಡಿ ಮುಗಿಸಿದೆ ಎಂದರ್ಥ. ಕೆಂಪಾದುದನ್ನು ಬದಲಿಸದೆ ವರ್ಷಗಟ್ಟಲೆ ಬಿಟ್ಟ ಪೆಟ್ಟಿಗೆಗಳು ಎಷ್ಟೋ ಇವೆ.

ಭೂಸಂಪರ್ಕ ಕೆಟ್ಟಿದ್ದರೆ ಮೇಲಿನದೆಲ್ಲವೂ ವ್ಯರ್ಥ. ಸೌರ ಟೆಂಡರುಗಳಲ್ಲಿ ಸಾಮಾನ್ಯವಾಗಿ 5 ಓಮ್‌ಗಿಂತ ಕಡಿಮೆ ರೋಧ ಕೇಳುತ್ತಾರೆ. ಖಾಸಗಿ ಖರೀದಿದಾರನೂ ಅದನ್ನೇ ಕೇಳಿ, ಅಳತೆಯ ವರದಿಯನ್ನು ಪಡೆಯಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ವಿದ್ಯುದ್ವಾರದ ಸುತ್ತ ಸಡಿಲವಾಗುತ್ತದೆ, ಕರಾವಳಿ-ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಒಣಗಿದರೆ ರೋಧ ಏರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಅಳೆದ ಅಂಕಿಯನ್ನು ನಂಬದೆ ಮಾರ್ಚ್ ತಿಂಗಳಲ್ಲಿ ಅಳೆಸುವುದು ಉಚಿತ. ಸಿಡಿಲುಗಂಬ, ಫಲಕದ ಚೌಕಟ್ಟು, ಇನ್ವರ್ಟರ್ ಇವುಗಳಿಗೆ ಗುಂಡಿಗಳು ಬೇರೆ ಬೇರೆ ಇದ್ದರೂ ಅವುಗಳನ್ನು ನೆಲದ ಮಟ್ಟದಲ್ಲಿ ಲೋಹದ ಪಟ್ಟಿಯಿಂದ ಪರಸ್ಪರ ಕೂಡಿಸುವುದು ಸರಿಯಾದ ಕ್ರಮ. ಇಲ್ಲವಾದರೆ ಸಿಡಿಲಿನ ಕ್ಷಣದಲ್ಲಿ ಗುಂಡಿಗಳ ನಡುವೆಯೇ ಸಾವಿರಾರು ವೋಲ್ಟಿನ ವ್ಯತ್ಯಾಸ ಹುಟ್ಟಿ ಅದು ಇನ್ವರ್ಟರಿನ ಮೂಲಕ ಹಾಯುತ್ತದೆ.

ಧೂಳು, ಸೆಕೆ, ಹಲ್ಲಿ, ಇರುವೆಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿ ಒಳಸೇರುವ ಹಲ್ಲಿಯೊಂದು ಸಾವಿರಾರು ರೂಪಾಯಿಯ ಸರ್ಕ್ಯೂಟ್ ಬೋರ್ಡನ್ನು ಶಾರ್ಟ್ ಮಾಡಬಲ್ಲದು. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಸಾಕು. ಆದರೆ ಇನ್ವರ್ಟರನ್ನು ಆಸಿಡ್ ಬ್ಯಾಟರಿಯ ನೇರ ಮೇಲ್ಭಾಗದಲ್ಲಿ ತೂಗುಹಾಕಬಾರದು. ಚಾರ್ಜ್ ಆಗುವಾಗ ಹೊಮ್ಮುವ ಜಲಜನಕ ಗಾಳಿಯಲ್ಲಿ ಶೇ. 4 ಆದರೆ ಹೊತ್ತಿಕೊಳ್ಳುತ್ತದೆ.

ವಿಮೆ ಮತ್ತು ಲೆಕ್ಕಪತ್ರ

ಅಗ್ನಿ ವಿಮೆಯಲ್ಲಿ ಸಿಗದ ರಕ್ಷಣೆ ಯಂತ್ರ ಸ್ಥಗಿತ ವಿಮೆಯಲ್ಲಿ, ಅಂದರೆ ಮೆಷಿನರಿ ಬ್ರೇಕ್‌ಡೌನ್ ಪಾಲಿಸಿಯಲ್ಲಿ, ಅಥವಾ ಎಲೆಕ್ಟ್ರಾನಿಕ್ ಉಪಕರಣ ವಿಮೆಯಲ್ಲಿ ದೊರೆಯುತ್ತದೆ. ಶಾರ್ಟ್ ಸರ್ಕ್ಯೂಟಿನಂತಹ ಹಠಾತ್ ಹಾನಿಯನ್ನು ಇವು ಒಳಗೊಳ್ಳುತ್ತವೆ. ನಿಧಾನ ಸವೆತವನ್ನು ಒಳಗೊಳ್ಳುವುದಿಲ್ಲ. ಇಲ್ಲಿ ವರ್ತಕರು ಮಾಡುವ ತಪ್ಪು, ವಿಮಾ ಮೊತ್ತವಾಗಿ ಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಮೌಲ್ಯವನ್ನು ಬರೆಸುವುದು. ಯಂತ್ರ ಸ್ಥಗಿತ ವಿಮೆಯಲ್ಲಿ ವಿಮಾ ಮೊತ್ತವು ಅದೇ ಬಗೆಯ ಹೊಸ ಯಂತ್ರವನ್ನು ಇಂದು ಕೊಳ್ಳಲು ಬೀಳುವ ವೆಚ್ಚವಾಗಿರಬೇಕು. 80,000 ರೂ. ಬೆಲೆಯ ಇನ್ವರ್ಟರನ್ನು 40,000 ರೂ.ಗೆ ವಿಮೆ ಮಾಡಿಸಿ, ಅದರ ದುರಸ್ತಿಗೆ 30,000 ರೂ. ಖರ್ಚಾಯಿತೆಂದುಕೊಳ್ಳೋಣ. ಅರ್ಧದಷ್ಟೇ ವಿಮೆ ಇದ್ದುದರಿಂದ ಪರಿಹಾರವೂ ಅರ್ಧ, 15,000 ರೂ.; ಅದರಲ್ಲಿಯೂ ಪಾಲಿಸಿಯಲ್ಲಿ ನಮೂದಾದ ಸ್ವಂತ ಹೊಣೆಯ ಮೊತ್ತ ಕಳೆಯುತ್ತದೆ. ಒಂದೇ ಇನ್ವರ್ಟರಿರುವ ಚಿಕ್ಕ ಅಂಗಡಿಗೆ ಪ್ರತ್ಯೇಕ ಪಾಲಿಸಿ ಲಾಭದಾಯಕವೇ ಎಂಬುದನ್ನು ಪ್ರೀಮಿಯಂ ಕೇಳಿ ನಿರ್ಧರಿಸಬೇಕು. ಹಲವು ವೇಳೆ ಆ ಹಣವನ್ನು ಫ್ಯೂಸ್ ಮತ್ತು ಸರ್ಜ್ ರಕ್ಷಕಗಳಿಗೆ ಹಾಕುವುದೇ ಮೇಲೆನಿಸಬಹುದು. ಶೀತಲ ಕೊಠಡಿ, ಮೊಟ್ಟೆಯ ಹ್ಯಾಚರಿಗಳಂತಹ ಘಟಕಗಳ ಮಾತು ಬೇರೆ.

ಕ್ಲೇಮಿನ ಸಮಯದಲ್ಲಿ ಸರ್ವೇಯರ್ ಕೇಳುವುದು ಕಾಗದವನ್ನು. ಇನ್ವರ್ಟರಿನ ಕ್ರಮಸಂಖ್ಯೆಯಿರುವ ಬಿಲ್ಲು, ಅಳವಡಿಕೆಯ ದಿನದ ಫೋಟೋಗಳು, ಏಕರೇಖಾ ನಕ್ಷೆ, ಭೂಸಂಪರ್ಕದ ಅಳತೆಯ ವರದಿ, ನಿರ್ವಹಣೆಯ ದಾಖಲೆ ಇವೆಲ್ಲ ಒಂದು ಫೈಲಿನಲ್ಲಿರಲಿ. ಸುಟ್ಟ ಬೋರ್ಡನ್ನು ಮೆಕ್ಯಾನಿಕ್ ಕೊಂಡೊಯ್ಯಲು ಬಿಡಬಾರದು. ಸರ್ವೇಯರ್ ಬಂದು ನೋಡುವವರೆಗೆ ಅದು ಸಾಕ್ಷ್ಯ.

ತೆರಿಗೆಯ ಕಡೆಯಿಂದ ನೋಡಿದರೆ, 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೂ, ಲೆಡ್-ಆಸಿಡ್ ಬ್ಯಾಟರಿಯದು ಶೇ. 28ರಿಂದ 18ಕ್ಕೂ ಇಳಿದಿದೆ. ಎಂ.ಸಿ.ಬಿ., ಫ್ಯೂಸುಗಳನ್ನು ಬಿಡಿಯಾಗಿ ಕೊಂಡರೆ ಶೇ. 18. ಇಡೀ ಸೌರ ವ್ಯವಸ್ಥೆಯನ್ನು ಅಳವಡಿಕೆ ಸಹಿತ ಒಂದೇ ಗುತ್ತಿಗೆಯಾಗಿ ಕೊಟ್ಟಾಗ ಮೌಲ್ಯದ ಶೇ. 70 ಸರಕು, ಶೇ. 30 ಸೇವೆ ಎಂದು ಪರಿಗಣಿಸುವುದರಿಂದ ಒಟ್ಟು ತೆರಿಗೆ ಶೇ. 8.9 ಆಗುತ್ತದೆ. ಆದ್ದರಿಂದ ರಕ್ಷಣಾ ಸಾಧನಗಳನ್ನು ಮೊದಲ ಆದೇಶದಲ್ಲಿಯೇ ಸೇರಿಸುವುದು, ವಿಶೇಷವಾಗಿ ಹೂಡುವಳಿ ತೆರಿಗೆ ಜಮೆ ಸಿಗದ ಕಾಂಪೊಸಿಷನ್ ವರ್ತಕರಿಗೆ, ಅಗ್ಗ.

ಆದಾಯ ತೆರಿಗೆಯಲ್ಲಿ ಸೌರ ಸಾಧನಗಳಿಗೆ ಒಮ್ಮೆ ಶೇ. 80 ಇದ್ದ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಸಲಾಯಿತು. ಸುಟ್ಟುಹೋದ ಇನ್ವರ್ಟರಿನ ಉಳಿದ ಮೌಲ್ಯವನ್ನು ಆ ವರ್ಷವೇ ನಷ್ಟವೆಂದು ಕಳೆಯಬಹುದೆಂದು ಹಲವರು ಭಾವಿಸುತ್ತಾರೆ. ಸವಕಳಿಯ ಲೆಕ್ಕ ನಡೆಯುವುದು ಆಸ್ತಿಗಳ ಗುಂಪಿನ ಮೇಲೆ. ಗುಂಪಿನಲ್ಲಿ ಬೇರೆ ಆಸ್ತಿ ಉಳಿದಿರುವವರೆಗೆ ಸುಟ್ಟ ಯಂತ್ರದ ಮೌಲ್ಯವೂ ಅದರಲ್ಲಿಯೇ ಕರಗುತ್ತ ಹೋಗುತ್ತದೆ, ಗುಜರಿಯಿಂದ ಅಥವಾ ವಿಮೆಯಿಂದ ಬಂದ ಹಣ ಮಾತ್ರ ಗುಂಪಿನಿಂದ ಕಳೆಯುತ್ತದೆ. ಅಂದಾಜು ಆದಾಯದ ಯೋಜನೆಯಲ್ಲಿ ರಿಟರ್ನ್ ಸಲ್ಲಿಸುವ ಸಣ್ಣ ವರ್ತಕನಿಗಂತೂ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವೇ ಇಲ್ಲ. ಹೊಸ ಇನ್ವರ್ಟರಿನ ಬೆಲೆ ಪೂರ್ತಿ ಅವನ ಕೈಯಿಂದಲೇ. ನಿಯತ ಪುಸ್ತಕಗಳನ್ನಿಡುವವರಿಗೆ ಕೆಂಪಾದ ಸರ್ಜ್ ರಕ್ಷಕದ ಒಳತುಂಡನ್ನೋ ಕರಗಿದ ಫ್ಯೂಸನ್ನೋ ಬದಲಿಸಿದ ವೆಚ್ಚ ದುರಸ್ತಿ ಖಾತೆಗೆ ಹೋಗಿ ಅದೇ ವರ್ಷ ಕಳೆಯುತ್ತದೆ. ಮಳೆಗಾಲದ ಮೊದಲ ಗುಡುಗಿನ ಮರುದಿನ ಆ ಪುಟ್ಟ ಕಿಟಕಿಯ ಬಣ್ಣ ನೋಡುವ ಕೆಲಸವನ್ನು ಅಂಗಡಿಯ ಯಾರಾದರೊಬ್ಬರ ಹೆಸರಿಗೆ ಬರೆದಿಡಬಹುದು.